ನಾಲ್ಕಕ್ಕೊಂದು, ನಾಲ್ಕರಲ್ಲೊಂದು

"ಇಳಿಸ್ಬೇಡ, ನಿಲ್ಸು!"

ನಾದಿನಿ ಇಳಿಸುತ್ತಿದ್ದ ಬಟ್ಟೆಯ ಅಂಚು ಬಣ್ಣದ ತೊಟ್ಟಿಯಿಂದ ಗೇಣು ಮೇಲೆ ನಿಲ್ಲುತ್ತದೆ. ಬಣ್ಣದಕ್ಕ ಒಂದು ಚಿಂದಿಯನ್ನು ಅದ್ದಿ, ಆಗಷ್ಟೇ ಬೆಳಕು ಮೂಡುತ್ತಿರುವ ಕಿಟಕಿಗೆ ಹಿಡಿಯುತ್ತಾಳೆ. ಎಲೆಹಸಿರು ಬರಬೇಕಿತ್ತು, ಗಿಳಿಹಸಿರು ಬಂದಿದೆ. ನೆನೆದ ಹತ್ತು ಥಾನು ಬಟ್ಟೆ ಕಾಯುತ್ತಿವೆ. ಏಳಕ್ಕೆ ಧಣಿ ನೋಡಲು ಬರುವಷ್ಟರಲ್ಲಿ ತೊಟ್ಟಿಯ ಬಣ್ಣ ನಿನ್ನೆಯ ಹತ್ತು ಥಾನಿನ ಬಣ್ಣಕ್ಕೇ ಹೊಂದಬೇಕು. ಹೊಂದದಿದ್ದರೆ, ಮೊನ್ನೆ ಕೆಲಸಕ್ಕೆ ಸೇರಿದ ನಾದಿನಿ ಇವತ್ತೇ ಮನೆಗೆ.

"ನೀವೇ ಅಲ್ವಾ ಅತ್ತಿಗೆ, ನಾಲ್ಕಕ್ಕೊಂದು ಹಳದಿ ಅಂದಿದ್ದು? ನಲವತ್ತು ಬಕೆಟ್‌ನಲ್ಲಿ ಹತ್ತು ಹಳದಿ, ಮೂವತ್ತು ನೀಲಿ ಹಾಕ್ದೆ."

"ಅಯ್ಯೋ ನನ್ ತಾಯಿ, ಅದು ನಾಲ್ಕರಲ್ಲೊಂದು! ನಾನಂದಿದ್ದು ನಾಲ್ಕು ನೀಲಿಗೆ ಒಂದು ಹಳದಿ."

ಹತ್ತೊಂಬತ್ತು ವರ್ಷದಿಂದ ಬಣ್ಣದಕ್ಕ ಈ ಬಣ್ಣದ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೊಂದು ತೊಟ್ಟಿ ಬೆರೆಸುತ್ತಾಳೆ, ನಿಂತೇ. ಮೊಣಕೈವರೆಗೆ ಯಾವತ್ತೂ ಯಾವುದೋ ಒಂದು ಬಣ್ಣ. "ಲೆಕ್ಕದೊಳಗೆ ಅಕ್ಷರ ಬಂದು ಕೂತ ವರ್ಷವೇ ಶಾಲೆ ಬಿಟ್ಟೆ," ಎನ್ನುತ್ತಾಳೆ. ಅಕ್ಷರದ ಜಾಗದಲ್ಲಿ ಆಕೆ ನೆಂಟರನ್ನು ಕೂರಿಸಿಕೊಂಡಿದ್ದಾಳೆ. ಸೀಮೆಸುಣ್ಣ ಗೋಡೆಯ ಮೇಲೆ ಓಡುತ್ತದೆ.

"ನೀಲಿ ಅತ್ತೆ, ಹಳದಿ ಸೊಸೆ. ಇಬ್ರೂ ಸೇರಿ ನಲವತ್ತು ಬಕೆಟ್. ಅತ್ತೆ ಒಬ್ಬಳೇ ನಾಲ್ಕು ಸೊಸೇರಿಗೆ ಸಮ."

"ನಮ್ಮಮ್ಮನ ಮಾತಾ?"

"ಬಾಯ್ಮುಚ್ಕೊಂಡು ಕೇಳು. ಅತ್ತೇನ ಎಬ್ಬಿಸಿ ಆ ಜಾಗದಲ್ಲಿ ನಾಲ್ಕು ಸೊಸೇರನ್ನ ಕೂರ್ಸು. ಈಗ ಎಷ್ಟು ಸೊಸೇರು?"

"ಐದು."

"ನಲವತ್ತನ್ನ ಐದಕ್ಕೆ ಹಂಚು."

"ಎಂಟು... ಅಯ್ಯೋ, ಹಳದಿ ಎಂಟೇ ಹಾಕ್ಬೇಕಿತ್ತು!"

"ಬಂದ ಸೊಸೇನ ವಾಪಸ್ ಕಳಿಸೋಕಾಗತ್ತಾ? ಹತ್ತು ಬಂದಿದೆ. ಅತ್ತೆ ಎಷ್ಟಿರ್ಬೇಕು?"

ನಾದಿನಿಯ ಬೆರಳುಗಳು ಮಡಚಿ ಬಿಚ್ಚುತ್ತವೆ. "ನಲವತ್ತು. ಮೂವತ್ತಿದೆ. ಇನ್ನೂ ಹತ್ತು ನೀಲಿ!"

"ಹೊರು ಮತ್ತೆ."

ಹತ್ತು ಬಕೆಟ್. ಒದ್ದೆ ನೆಲ, ಜಾರುವ ಚಪ್ಪಲಿ, ಗಡಿಯಾರದ ಮುಳ್ಳಿನ ಮೇಲೊಂದು ಕಣ್ಣು. ಏಳಕ್ಕೆ ಆರು ನಿಮಿಷ ಇರುವಾಗ ಮೊದಲ ಥಾನು ಮುಳುಗುತ್ತದೆ.

ಧಣಿ ಎರಡು ಚಿಂದಿಗಳನ್ನು ಪಕ್ಕಪಕ್ಕ ಹಿಡಿದು ತಿರುಗಿಸಿ ಮುರುಗಿಸಿ ನೋಡುತ್ತಾನೆ. "ನಿನ್ನೇದು ಯಾವುದು?" ವ್ಯತ್ಯಾಸ ಅವನಿಗೇ ಕಾಣುವುದಿಲ್ಲ. ಗೋಡೆಯ ಲೆಕ್ಕ ಅವನ ಕಣ್ಣಿಗೆ ಬೀಳುತ್ತದೆ. "ಎಡವಟ್ಟು ಇವಳದ್ದು ತಾನೇ?"

"ನನ್ನ ಬಾಯಿದು. ನಾಲ್ಕಕ್ಕೊಂದು ಅಂದವಳು ನಾನು."

"ಇರ್ಲಿ ಬಿಡಿ. ಇವಳನ್ನ ಕಳಿಸಿಬಿಡೋಣ. ಬೆರೆಸೋದೆಲ್ಲ ನಿಮ್ಮದೇ. ಮೇಲ್ವಿಚಾರಕಿ ಅಂತ ಬರಸ್ತೀನಿ, ಕೂರೋಕೆ ಕುರ್ಚಿ ಹಾಕಸ್ತೀನಿ."

ಬಣ್ಣದಕ್ಕ ಸೀಮೆಸುಣ್ಣವನ್ನು ನಾದಿನಿಯ ಕೈಗಿಡುತ್ತಾಳೆ.

"ಬೇಡ."