ಹಿಮ್ಮಡಿ ಮರೆತ ಯಂತ್ರಗಳು

ಕಾಲುಚೀಲದ ಕಾರ್ಖಾನೆಯಲ್ಲಿ ಚೀಟಿಯಕ್ಕ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ ತುಂಬಿತ್ತು. ಸೂಜಿ ಜೋಡಿಸುವವಳಾಗಿ ಸೇರಿದವಳು, ರಿಪೇರಿಯವನ ಬೆನ್ನ ಹಿಂದೆ ನಿಂತು ನೋಡಿ ನೋಡಿ, ಅವನು ನಿವೃತ್ತನಾಗುವ ಹೊತ್ತಿಗೆ ಅವನಿಗಿಂತ ಒಂದು ಕೈ ಮೇಲಾಗಿದ್ದಳು. ಕಾಗದಪತ್ರದಲ್ಲಿ ಮಾತ್ರ ಇನ್ನೂ ಸೂಜಿಯವಳೇ. ಹನ್ನೆರಡು ಹಳೆಯ ಹೆಣಿಗೆ ಯಂತ್ರಗಳ ಪೆಟ್ಟಿಗೆಯೊಳಗೆ, ಉಗುರಿನಗಲದ ಗಾಜಿನ ಕಿಟಕಿಯಿರುವ ಒಂದೊಂದು ಚಿಪ್ ಇತ್ತು. ಆ ಕಿಟಕಿಗಳಿಗೆಲ್ಲ ಕಪ್ಪು ಚೀಟಿ ಅಂಟಿಸುತ್ತ ಓಡಾಡಿದ್ದಕ್ಕೇ ಅವಳಿಗೆ ಆ ಹೆಸರು.

ಮೈದುನನನ್ನು ಅಲ್ಲಿಗೆ ಸೇರಿಸಿದ್ದೂ ಅವಳೇ. "ನಮ್ಮವನು ಚುರುಕು" ಎಂದು ಮಾಲೀಕರ ಮುಂದೆ ಹತ್ತು ಸಲ ಹೇಳಿದ್ದಳು. ಚುರುಕೇ ಹೌದು, ಆರು ವರ್ಷದಲ್ಲಿ ಅವಳ ಮೇಲೆಯೇ ಮ್ಯಾನೇಜರ್ ಆಗಿ ಕೂತ. ಅವಳು ಅವನನ್ನು ಮನೆಯಲ್ಲಿ "ಏನೋ" ಎನ್ನುತ್ತಿದ್ದಳು, ಕಾರ್ಖಾನೆಯಲ್ಲಿ "ಸರ್".

ಮೊಣಕಾಲಿನ ಆಪರೇಷನ್‌ಗೆಂದು ಅವಳು ಆರು ವಾರ ರಜೆ ಹಾಕಿದಾಗಲೇ ದೊಡ್ಡ ಖರೀದಿದಾರರು ನೋಡಲು ಬರುವ ಸುದ್ದಿ ಬಂತು. ಮೈದುನ ಟೊಂಕ ಕಟ್ಟಿ ನಿಂತ. ಯಂತ್ರಗಳನ್ನು ತೆರೆದ ಕಿಟಕಿಗಳ ಸಾಲಿಗೆ ಎಳೆಸಿದ. ಒಳಗಿನ ತಂತ್ರಜ್ಞಾನ ಎದ್ದು ಕಾಣಲಿ ಎಂದು ಪೆಟ್ಟಿಗೆಗಳ ಮುಚ್ಚಳ ತೆಗೆಸಿದ. ಚಿಪ್‌ಗಳ ಮೇಲೆ ಅಸಹ್ಯವಾಗಿ ಕಂಡ ಕಪ್ಪು ಚೀಟಿಗಳನ್ನು ತಾನೇ ಕೂತು ಕೆರೆದು ತೆಗೆದ. ಹನ್ನೆರಡನೆಯ ಯಂತ್ರದ ಕಾಲಿಗೆ ತುಕ್ಕು ಹಿಡಿದಿತ್ತು. "ಇದೊಂದು ಮರ್ಯಾದೆ ಕಳೆಯುತ್ತೆ" ಎಂದು ಅದನ್ನು ಗೋದಾಮಿನ ಕತ್ತಲೆಗೆ ತಳ್ಳಿಸಿ, ಮೇಲೆ ಟಾರ್ಪಾಲು ಹೊದಿಸಿದ.

ಚೀಟಿಯಕ್ಕ ಕುಂಟುತ್ತ ಕೆಲಸಕ್ಕೆ ಮರಳಿದ ದಿನ ಯಂತ್ರಗಳು ಮೊಳದುದ್ದದ ಕೊಳವೆ ಹೆಣೆಯುತ್ತಿದ್ದವು. ಬೆರಳಿನ ಜಾಗವಿಲ್ಲ, ಹಿಮ್ಮಡಿಯಂತೂ ಇಲ್ಲವೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದೂ ನಿಂತವು.

"ವೈರಸ್ ಬಂದಿದೆ" ಎಂದ ಮೈದುನ, ಮಾಲೀಕರ ಮುಂದೆ. "ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಗುತ್ತೆ."

"ಎಷ್ಟು ಸಲ ಮಾಡಿದ್ರಿ ಸರ್?" ಕೇಳಿದಳು ಚೀಟಿಯಕ್ಕ.

"ನಲವತ್ತು."

ಮಾಲೀಕರು ಅವಳತ್ತ ತಿರುಗಿದರು. "ನೀನು ಹೇಳಮ್ಮ. ಏನಾಗಿದೆ?"

"ಮೆಮೊರಿಯಲ್ಲಿ ಬೇರೆ ಬೇರೆ ಜಾತಿ ಇದೆ ಸರ್. ರ‍್ಯಾಮ್ ಅಂತಿದೆ, ಕರೆಂಟ್ ಹೋದ ತಕ್ಷಣ ಎಲ್ಲ ಮರೆತುಬಿಡುತ್ತೆ. ಬರೀ ರೋಮ್ ಆದ್ರೆ ಹುಟ್ಟುವಾಗ ಬರೆದದ್ದೇ ಸಾಯೋವರೆಗೆ, ತಿದ್ದೋ ಹಾಗಿಲ್ಲ. ನಮ್ಮದು ಎರಡೂ ಅಲ್ಲ, ಈಪ್ರೋಮ್. ಕರೆಂಟ್ ಹೋದ್ರೂ ಮರೆಯಲ್ಲ. ಆದ್ರೆ ಆ ಗಾಜಿನ ಮೂಲಕ ಬಿಸಿಲು ಬಿದ್ರೆ ಒಳಗೆ ಬರೆದಿಟ್ಟ ಹೆಣಿಗೆಯ ಲೆಕ್ಕ ನಿಧಾನಕ್ಕೆ ಅಳಿಸಿಹೋಗುತ್ತೆ. ಚೀಟಿ ಅಂಟಿಸಿದ್ದು ಅದಕ್ಕೇ."

ಮೈದುನ ತನ್ನ ಉಗುರುಗಳನ್ನು ನೋಡಿಕೊಂಡ.

"ಪೆನ್ ಡ್ರೈವ್‌ನಲ್ಲಿ ಅದರದ್ದೊಂದು ಪ್ರತಿ ಮಾಡಿ ಆಫೀಸಿಗೆ ಕೊಟ್ಟಿದ್ದೆ. ಅದು ಫ್ಲಾಶ್ ಮೆಮೊರಿ, ಬಿಸಿಲಿಗೆ ಜಗ್ಗಲ್ಲ" ಎಂದಳು ಅವಳು.

"ಅದ್ರಲ್ಲಿ ಜಾಗ ಸಾಲ್ಲಿಲ್ಲ ಅತ್ತಿಗೆ" ಎಂದು ಅವನು ಗಂಟಲು ಸರಿಮಾಡಿಕೊಂಡ. ಕಾರ್ಖಾನೆಯಲ್ಲಿ ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. "ಅಳಿಸಿ, ನನ್ನ ಸ್ವಾಗತ ಭಾಷಣದ ವಿಡಿಯೋ ಹಾಕ್ಕೊಂಡೆ."

ಚೀಟಿಯಕ್ಕ ನಿಂತ ಯಂತ್ರಗಳನ್ನು ಎಣಿಸಿದಳು. ಆಮೇಲೆ ಕೇಳಿದಳು: "ಹನ್ನೆರಡನೇದು ಎಲ್ಲಿ?"

ಟಾರ್ಪಾಲಿನ ಕೆಳಗೆ ಆ ಯಂತ್ರ ಚೀಟಿ ಸಮೇತ ಹಾಗೇ ಇತ್ತು. ಚಂದವಿಲ್ಲವೆಂದು ಬಚ್ಚಿಟ್ಟದ್ದರಿಂದಲೇ ಬದುಕಿಕೊಂಡಿತ್ತು. ಅವಳು ಅದರ ಚಿಪ್ ಕಿತ್ತು, ಒಳಗಿದ್ದುದನ್ನು ಕಂಪ್ಯೂಟರಿಗೆ ಓದಿಸಿಕೊಂಡಳು. ಉಳಿದ ಹನ್ನೊಂದು ಚಿಪ್‌ಗಳನ್ನು ನೇರಳಾತೀತ ದೀಪದ ಡಬ್ಬಿಯಲ್ಲಿಟ್ಟಳು.

"ಇನ್ನೂ ಬೆಳಕು ಯಾಕೆ?" ಮೈದುನ ಗಾಬರಿಯಾದ.

"ಅರ್ಧಂಬರ್ಧ ನೆನಪಿದ್ರೆ ಕಷ್ಟ ಸರ್. ಪೂರ್ತಿ ಮರೀಲಿ, ಆಮೇಲೆ ಹೊಸದಾಗಿ ಬರೆಯೋಣ."

ಎರಡನೆಯ ದಿನ ಸಂಜೆ ಹನ್ನೆರಡೂ ಯಂತ್ರಗಳು ಹಿಮ್ಮಡಿ ಸಮೇತ ಹೆಣೆಯತೊಡಗಿದವು. ಖರೀದಿದಾರರು ಬಂದರು, ಮೆಚ್ಚಿದರು, ಹೋದರು. ಕಾರ್ಖಾನೆಯ ಮಾಸಿಕ ಪತ್ರಿಕೆಯಲ್ಲಿ "ಮೆಮೊರಿ ನವೀಕರಣದ ರೂವಾರಿ" ಎಂಬ ಶೀರ್ಷಿಕೆಯಡಿ ಮೈದುನನ ಫೋಟೋ ಬಂತು. ಹಿನ್ನೆಲೆಯಲ್ಲಿ ಚೀಟಿಯಕ್ಕನ ಮೊಣಕೈ ಕಾಣುತ್ತಿತ್ತು.

ಅವಳಿಗೆ ನೋವಾಗಲಿಲ್ಲವೆಂದಲ್ಲ. ಆ ಪುಟವನ್ನು ಎರಡು ಸಲ ಓದಿ ಮಡಚಿಟ್ಟಳು. ಆಮೇಲೆ ನೆಟ್ಟಗೆ ಮಾಲೀಕರ ಬಳಿ ಹೋಗಿ, ಹೆಣಿಗೆಯ ಸಾಲಿನ ಇಬ್ಬರು ಹೆಂಗಸರಿಗೆ ಈ ವಿದ್ಯೆ ಕಲಿಸಲು ವಾರಕ್ಕೆರಡು ಗಂಟೆ ಕೇಳಿದಳು. ಅವರು ಒಪ್ಪಿದರು. ಮರುದಿನವೇ ಮೈದುನ ಅದನ್ನು ತನ್ನ ಹೊಸ ಯೋಜನೆಯೆಂದು ಸಾರಿದ.

ಪಾಠದ ಮೊದಲ ದಿನ, ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಕೊಂಡು ಕೂತವನೂ ಅವನೇ, ಮೇಲ್ವಿಚಾರಣೆಯಂತೆ. ಚೀಟಿಯಕ್ಕ ಅವನ ಕೈಗೆ ಇಕ್ಕಳ ಕೊಟ್ಟು, ಒಂದು ಹಾಳು ಚಿಪ್ ಕೀಳಲು ಹೇಳಿದಳು. ಅವನು ಹಲ್ಲು ಕಚ್ಚಿ ಎಳೆದ. ಚಿಪ್ ಏನೋ ಬಂತು, ಆದರೆ ಅದರ ತಂತಿಯಂಥ ಕಾಲುಗಳಲ್ಲಿ ಮೂರು ಸೊಟ್ಟಗಾಗಿದ್ದವು. ಹೆಂಗಸರಿಬ್ಬರೂ ಸೆರಗು ಬಾಯಿಗಿಟ್ಟುಕೊಂಡರು. ಅವಳು ಮಾತ್ರ ನಗಲಿಲ್ಲ. ಕನ್ನಡಕ ಏರಿಸಿಕೊಂಡು ಒಂದೊಂದೇ ಕಾಲನ್ನು ಮೆಲ್ಲಗೆ ನೆಟ್ಟಗೆ ಮಾಡಿ, "ಇನ್ನೊಂದು ಸಲ" ಎಂದಳು.