ಕೇಳದವರಿಗೆ ಕೊಟ್ಟ ಬೆಲ್ಲ ನೀರು

ನನ್ನ ಆಫೀಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ಸಾಗರದಲ್ಲಿ ನನ್ನ ವಕೀಲಿಯ ಕೊನೆಯ ವರ್ಷ ಅದು. ಹಗಲು ಹನ್ನೊಂದು ಗಂಟೆ. ಬಂದಿದ್ದ ಕಕ್ಷಿದಾರಳೇ ಎದ್ದು ಹೋಗಿ ಚಿಲಕ ಹಾಕಿ ಕುಳಿತಿದ್ದಳು.

“ಹೀಗೆ ಮಾಡಿದ್ರೆ ನನ್ನ ಬೇರೆ ಕ್ಲೈಂಟ್ಸ್ ಬರೋದು ಹೇಗಮ್ಮ?” ಎಂದೆ.

“ಮುಂಬಯಿಯಿಂದ ಬಂದ್ಮೇಲೆ ಕೊಟ್ಟಿಗೆಗೂ ಬೀಗ ಹಾಕ್ತಾಳೆ ಮೇಡಂ. ದನಕ್ಕೇ ಸಿಟ್ಟು ಬಂದಿದೆ,” ಎಂದ ಅವಳ ಅಣ್ಣ.

ಆಕೆ ಸುಮತಿ, ಹೊಸನಗರ ಕಡೆಯ ಜೈನ ಹೆಣ್ಣುಮಗಳು, ಗಂಡ ತೀರಿಕೊಂಡಿದ್ದ. ಮುಂಬಯಿಯ ಫ್ಲ್ಯಾಟಿನಲ್ಲಿ ಒಂಟಿಯಾಗಿದ್ದ ಜೈನ ಅಜ್ಜಿಯೊಬ್ಬರಿಗೆ ಅಡುಗೆ ಮಾಡಿ, ಸೂರ್ಯ ಮುಳುಗುವ ಮೊದಲು ಬಡಿಸುವುದು ಆಕೆಯ ಕೆಲಸ. ಒಂದು ಮಧ್ಯಾಹ್ನ ವಾಟರ್ ಫಿಲ್ಟರ್ ರಿಪೇರಿಯವರೆಂದು ಇಬ್ಬರು ಬಂದರು. ಸುಮತಿ ಬಾಗಿಲು ತೆಗೆದಳು, ಕೂರಿಸಿದಳು, ಬೆಲ್ಲ ನೀರು ತಂದಿಟ್ಟಳು. ಕುಡಿದವರೇ ಎದ್ದು ಅಜ್ಜಿಯ ತಲೆಗೆ ಹೊಡೆದು ಬಳೆ ಕಿತ್ತುಕೊಂಡು ಹೋದರು. ಅಜ್ಜಿ ಆಸ್ಪತ್ರೆ ಸೇರಿದರು. ದಿಗಿಲುಬಿದ್ದ ಸುಮತಿ ಮರುದಿನವೇ ಊರಿನ ಬಸ್ಸು ಹತ್ತಿದಳು.

ಹಾಲ್‌ನ ಕ್ಯಾಮೆರಾದಲ್ಲಿ ಚಿತ್ರವಿತ್ತು, ಧ್ವನಿ ಇರಲಿಲ್ಲ. ನಗುತ್ತಾ ಉಪಚರಿಸಿ ಆಮೇಲೆ ಪರಾರಿಯಾದ ಅಡುಗೆಯವಳು ಕಳ್ಳರ ಪರಿಚಯದವಳೇ ಇರಬೇಕೆಂದು ಮುಂಬಯಿ ಪೊಲೀಸರ ಅನುಮಾನ. ಇಂದೋ ನಾಳೆಯೋ ಅರೆಸ್ಟ್. ಉಳಿದದ್ದು ಟ್ರಾನ್ಸಿಟ್ ಬೇಲ್ ಒಂದೇ. ಅಂದರೆ ಬೇರೆ ರಾಜ್ಯದ ಕೋರ್ಟನ್ನು ತಲುಪುವವರೆಗೆ ಬಂಧಿಸದಂತೆ ಇಲ್ಲಿನ ಕೋರ್ಟು ಕೊಡುವ ಕೆಲವೇ ದಿನಗಳ ರಕ್ಷಣೆ.

“ನೀರು ಅವರೇ ಕೇಳಿದ್ರು ಅಂತ ಹೇಳಿ,” ಎಂದೆ. “ವಿಡಿಯೋದಲ್ಲಿ ಸೌಂಡ್ ಇಲ್ಲ. ಪ್ರೂವ್ ಮಾಡೋಕೆ ಯಾರಿಂದಲೂ ಆಗಲ್ಲ.”

“ಅವ್ರು ಕೇಳ್ಲಿಲ್ಲ ಮೇಡಂ. ನಾನೇ ಕೊಟ್ಟೆ.”

“ಒಂದು ಮಾತು, ಅಷ್ಟೇ.”

“ಬಾಗಿಲಿಗೆ ಬಂದೋರು ಬಾಯಿಬಿಟ್ಟು ಕೇಳೋ ತನಕ ಕಾಯ್ತಾರಾ ಯಾರಾದ್ರೂ?”

ಕಾನ್ವೆಂಟಿನಲ್ಲಿ ಸಿಸ್ಟರುಗಳ ಎದುರು ಸುಳ್ಳು ಸಿಕ್ಕಿಬಿದ್ದಾಗ ಆಗುತ್ತಿದ್ದ ಹಾಗೆ ನನ್ನ ಕೆನ್ನೆ ಬಿಸಿಯಾಯಿತು. ಅರ್ಜಿಯಲ್ಲಿ ಆಕೆ ಹೇಳಿದ್ದನ್ನೇ ಬರೆದೆ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಕೇಳಿದರು: “ಗುರುತಿಲ್ಲದವರಿಗೆ ಬೆಲ್ಲ ಯಾರು ಕೊಡ್ತಾರೆ, ಸ್ವಾಮಿ?”

ನ್ಯಾಯಾಧೀಶರು ಕನ್ನಡಕ ತೆಗೆದರು. “ನೀವು ತೀರ್ಥಹಳ್ಳಿಯವರಲ್ವಾ? ನಿಮ್ಮನೇಲಿ ಕೊಡಲ್ವಾ?”

“ಕೊಡ್ತೀವಿ ಸ್ವಾಮಿ.” ಹಾಲ್ ಪೂರ್ತಿ ನಕ್ಕಿತು.

ಎರಡು ವಾರದ ಬೇಲ್ ಸಿಕ್ಕಿತು. ಆದರೆ ಮುಂಬಯಿಯಲ್ಲಿ ಈ ನಗು ಯಾರಿಗೆ ಅರ್ಥವಾದೀತು?

ಆಕೆ ಅಲ್ಲಿಗೆ ಹೋದಳು. ದಿನಗಟ್ಟಲೆ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು, ಕೇಳಿದವರಿಗೆಲ್ಲ ಅದೇ ಮಾತು ಹೇಳಿದಳಂತೆ. ಕಳ್ಳರು ಸಿಕ್ಕಿಬಿದ್ದ ಮೇಲೆಯೇ ಅನುಮಾನ ಕಳೆದದ್ದು, ಆರೋಪಿಯಾಗಬೇಕಿದ್ದವಳು ಸಾಕ್ಷಿಯಾದಳು. ಚೇತರಿಸಿಕೊಂಡ ಅಜ್ಜಿ ಆಕೆಯನ್ನು ಮತ್ತೆ ಅಡುಗೆಗೆ ಕರೆದುಕೊಂಡರು. ಇದೆಲ್ಲ ನನಗೆ ಗೊತ್ತಾದದ್ದು ಅವಳ ಅಣ್ಣನ ಫೋನಿನಿಂದ. ಆಕೆ ನನಗೆ ಫೋನ್ ಮಾಡಲಿಲ್ಲ.

ಇಷ್ಟು ವರ್ಷದ ಪ್ರಾಕ್ಟೀಸ್ ನನಗೆ ತಡವಾಗಿ ಕಲಿಸಿದ್ದು ಇಷ್ಟೇ: ಆರ್ಡರ್ ಕಾಪಿ ಕೈಗಿಟ್ಟು ಕಳಿಸುವುದು ಸುಲಭ, ಜೊತೆಗೆ ಹೋಗುವುದು ಕಷ್ಟ.

ಕೊನೆಯ ಸಲ ಆಕೆಯನ್ನು ನೋಡಿದ್ದು, ಬೇಲ್ ಸಿಕ್ಕಿ ಮುಂಬಯಿಗೆ ಹೊರಟ ದಿನ, ಸಾಗರದ ಬಸ್ ಸ್ಟ್ಯಾಂಡಿನಲ್ಲಿ, ಹುಬ್ಬಳ್ಳಿ ಬಸ್ಸಿನ ಕಿಟಕಿಯಲ್ಲಿ. ಪೊಲೀಸರ ಹೆಸರಿಗೇ ಹೆದರುವ ಅಣ್ಣ ಊರಲ್ಲೇ ಉಳಿದಿದ್ದ. ಆಕೆಯ ಪಕ್ಕದ ಸೀಟಿನ ಮೇಲೆ ಬಟ್ಟೆಯ ಚೀಲವಿತ್ತು.

“ನೀವೂ ಬರ್ತೀರಾ ಮೇಡಂ? ಹಿಂದೀಲಿ ಅವ್ರು ಜೋರು ಮಾಡಿದ್ರೆ ನಂಗೆ ಮಾತೇ ಹೊರಡಲ್ಲ.”

“ನಾಳೆ ನನಗೊಂದು ಕೇಸಿದೆ, ಸುಮತಿ,” ಎಂದೆ. ಕೇಸು ಯಾವುದೂ ಇರಲಿಲ್ಲ. ಮನೆಯಲ್ಲಿ ನನ್ನನ್ನು ಕಾಯುವವರೂ ಇರಲಿಲ್ಲ.

“ಹೌದಾ,” ಎಂದಳು. ಪಕ್ಕದ ಸೀಟಿನ ಚೀಲವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಯಾರೋ ಬಂದು ಅಲ್ಲಿ ಕುಳಿತರು.