ಕಳ್ಳಂಬೆಳ್ಳ ಕೆರೆಯ ದೋಣಿ ಇಂಜಿನ್

ದೆವ್ವ, ಗಾಳಿ, ಮೈಮೇಲೆ ಬರುವುದು ಇಂಥವನ್ನೆಲ್ಲ ನಾನು ನಂಬಿದವನಲ್ಲ. ಶಿರಾದಲ್ಲಿ ಮೂವತ್ತು ವರ್ಷದಿಂದ ಪಂಪ್‌ಸೆಟ್ಟು, ಮೊಪೆಡ್ಡು, ಔಷಧಿ ಹೊಡೆಯುವ ಮೆಷೀನು ರಿಪೇರಿ ಮಾಡಿಕೊಂಡಿದ್ದೇನೆ. ನಮ್ಮ ಇಂಜಿನ್‌ಗೆ ಯಾರದೋ ಕಣ್ಣು ಬಿದ್ದಿದೆ ಎಂದು ಯಾರಾದರೂ ಬಂದರೆ, ಮೊದಲು ಪ್ಲಗ್ ಬಿಚ್ಚಿ ತೋರಿಸಪ್ಪ, ಕಣ್ಣನ್ನು ಆಮೇಲೆ ನೋಡೋಣ ಎನ್ನುತ್ತಿದ್ದೆ. ಎಣ್ಣೆ, ಗಾಳಿ, ಕಿಡಿ ಮೂರೂ ಸರಿಯಿದ್ದರೆ ಯಾವ ಇಂಜಿನ್ನಾದರೂ ಓಡುತ್ತದೆ, ಒಂದಿಲ್ಲದಿದ್ದರೂ ಓಡುವುದಿಲ್ಲ. ನನಗೆ ಗೊತ್ತಿದ್ದ ಶಾಸ್ತ್ರ ಇಷ್ಟೇ. ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಕಳ್ಳಂಬೆಳ್ಳದ ಕೆರೆ ಚೆನ್ನಾಗಿ ತುಂಬಿತ್ತು. ಮೀನು ಹಿಡಿಯುವ ಗುತ್ತಿಗೆ ಪಡೆದಿದ್ದ ಕರಿಯಣ್ಣ ಎಂಬವನು ಮಂಗಳೂರು ಕಡೆಯಿಂದ ಒಂದು ಹಳೇ ದೋಣಿ ಇಂಜಿನ್ ತಂದಿದ್ದ. ದೋಣಿಯ ಹಿಂಬದಿಗೆ ಕಚ್ಚಿಸಿ, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಅದಕ್ಕೆ ಕರಿಯಣ್ಣನಿಗಿಂತ ಹೆಚ್ಚು ವಯಸ್ಸಾಗಿತ್ತು. ಹತ್ತು ನಿಮಿಷ ಓಡಿ ನಿಂತುಬಿಡುತ್ತಿತ್ತು. ಆಮೇಲೆ ಭುಜದ ಕೀಲು ಕಳಚುವ ಹಾಗೆ ಎಳೆದರೂ ಹತ್ತುತ್ತಿರಲಿಲ್ಲ. ಕರಿಯಣ್ಣ ಫೋನ್ ಮಾಡಿ, "ಅಣ್ಣ, ಒಂದ್ಸಲ ಬಂದು ನೋಡ್ಬುಡು. ನಡುನೀರ್ನಾಗೆ ಕೈ ಕೊಡ್ತದೆ" ಎಂದ. ದೋಣಿ ಇಂಜಿನ್ ನಾನು ಮುಟ್ಟಿದವನಲ್ಲ, ಆದರೂ ಒಂದು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ಮೊದಲ ತಪ್ಪು ನೋಡಿದೊಡನೆ ಸಿಕ್ಕಿತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಆಡಲು ಸೂಜಿಮೊನೆಯಷ್ಟು ತೂತಿರುತ್ತದೆ. ಕರಿಯಣ್ಣನ ಹೆಂಡತಿ ಪುಟ್ಟಮ್ಮ ಪ್ರತಿ ಶುಕ್ರವಾರ ಇಂಜಿನ್‌ಗೆ ಪೂಜೆ ಮಾಡುವವಳು. ಕಲಸಿದ ಅರಿಶಿನ ಕುಂಕುಮ ಮುಚ್ಚಳದ ಮೇಲೆ ಪದರ ಪದರವಾಗಿ ಕೂತು ತೂತು ಮುಚ್ಚಿಹೋಗಿತ್ತು. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುತ್ತಿರಲಿಲ್ಲ.

"ಪೂಜೆ ಮಾಡ್ದೆ ಹೆಂಗಣ್ಣ ನೀರಿಗಿಳ್ಸಾದು?" ಎಂದಳು ಪುಟ್ಟಮ್ಮ.

"ಮಾಡು ಕಣಮ್ಮ, ಯಾರು ಬ್ಯಾಡ ಅಂದೋರು? ಅದ್ಕೂ ವಸಿ ಉಸುರಾಡಾಕೆ ಬುಡು" ಎಂದೆ. ಕರಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ತೂತು ಬಿಡಿಸಿ, ಕಾರ್ಬೊರೇಟರ್ ತೊಳೆದು, ದಡದ ಹತ್ತಿರವೇ ಓಡಿಸಿದೆವು. ಇಪ್ಪತ್ತು ನಿಮಿಷ ಓಡಿ ಮತ್ತೆ ನಿಂತಿತು. ಈ ಸಲ ಪೆಟ್ರೋಲ್ ಬರುತ್ತಿತ್ತು, ಕಿಡಿ ಮಾತ್ರ ಕೆಂಪಗೆ, ಸತ್ತಂತೆ ಇತ್ತು. ಪ್ಲಗ್‌ಗೆ ಕರೆಂಟು ಕೊಡುವ ಕಾಯಿಲ್ ಕೈ ಸುಡುವಷ್ಟು ಕಾದಿತ್ತು. ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಬಿಟ್ಟರೆ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಕಾದಾಗ ಕೈ ಕೊಡುವ ಕಾಯಿಲ್‌ಗೆ ರಿಪೇರಿ ಇಲ್ಲ, ಬದಲಾಯಿಸಬೇಕು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅದನ್ನು ವೈರ್ ಸಮೇತ ಬಿಚ್ಚಿ, ಅಂಥದ್ದೇ ಒಂದನ್ನು ತುಮಕೂರಿನಲ್ಲಿ ಹುಡುಕೋಣವೆಂದು ನನ್ನ ಚೀಲಕ್ಕೆ ಹಾಕಿಕೊಂಡೆ. ಇಂಜಿನ್‌ನ ಕವರ್ ಮುಚ್ಚಿ ದೋಣಿಯಲ್ಲೇ ಬಿಟ್ಟೆ. ಊಟ ಅವರ ಮನೆಯಲ್ಲೇ ಆಯಿತು. ಆಮೇಲೆ ಅದೇ ಊರಿನ ತೋಟವೊಂದರಲ್ಲಿ ಪಂಪ್‌ಸೆಟ್ ನೋಡಿ, ಸಂಜೆ ಬಸ್ಸಿಗೆ ಹೋಗುವ ಮುನ್ನ ಹೇಳಿಹೋಗೋಣವೆಂದು ಕೆರೆಯ ಹತ್ತಿರ ಬಂದೆ.

ಹೊತ್ತು ಇನ್ನೂ ಮುಳುಗಿರಲಿಲ್ಲ. ಕರಿಯಣ್ಣನ ತಮ್ಮ ನಾಗ ತೆಪ್ಪ ತೆಗೆದುಕೊಂಡು ಬಲೆ ಬಿಡಲು ಹೋಗಿದ್ದ. ಕೆರೆಯ ಆಚೆ ಬದಿಯಲ್ಲಿ ಜಾಲಿ ಮರಗಳು ನೀರಲ್ಲಿ ಮುಳುಗಿ ತುದಿ ಮಾತ್ರ ಕಾಣುತ್ತಿದ್ದವು. ನಾನು ದಡಕ್ಕೆ ಬರುವುದಕ್ಕೂ ಪುಟ್ಟಮ್ಮ ಕಿರುಚುವುದಕ್ಕೂ ಸರಿಹೋಯಿತು. ತೆಪ್ಪ ಬೋರಲು ಬಿದ್ದು ತೇಲುತ್ತಿತ್ತು. ಜಾಲಿಯ ತುದಿಯ ಹತ್ತಿರ ಒಂದು ಕೈ ಕಾಣುತ್ತಿತ್ತು. ನಾಗನಿಗೆ ಈಜು ಚೆನ್ನಾಗಿ ಬರುತ್ತಿತ್ತು. ಅವನು ಈಜದೆ ಅಲ್ಲೇ ಇದ್ದಾನೆಂದರೆ ಬಲೆ ಕಾಲಿಗೆ ಸುತ್ತಿದೆ ಎಂದೇ ಅರ್ಥ.

ದಡದಲ್ಲೇ ಇದ್ದ ಕರಿಯಣ್ಣ ದೋಣಿಗೆ ಹಾರಿದ. ಹಿಂದೆಯೇ ನಾನೂ ಹತ್ತಿದೆ. ಅವನು ಹುಟ್ಟು ಹಾಕತೊಡಗಿದ, ಎದುರುಗಾಳಿಗೆ ದೋಣಿ ನಿಂತಲ್ಲೇ ತಿರುಗುತ್ತಿತ್ತು. "ಅಣ್ಣ, ನಮ್ಮುಡ್ಗ ಓಯ್ತಾನೆ ಕಣಣ್ಣ!" ಎಂದು ಅಳುತ್ತಿದ್ದ. ನಾನು ಏನೂ ಯೋಚಿಸದೆ ಹಿಂದಕ್ಕೆ ತಿರುಗಿ ಇಂಜಿನ್‌ನ ಹಗ್ಗ ಎಳೆದೆ. ಒಂದೇ ಏಟಿಗೆ ಹತ್ತಿಕೊಂಡಿತು.

ನಾವು ಹೋಗಿ ಮುಟ್ಟಿದಾಗ ನೀರು ನಾಗನ ಗಲ್ಲಕ್ಕೆ ಬಂದಿತ್ತು. ನಾನು ತೋಳು ಹಿಡಿದುಕೊಂಡೆ, ಕರಿಯಣ್ಣ ದೋಣಿಯಲ್ಲಿದ್ದ ಕುಡುಗೋಲಿನಲ್ಲಿ ಬಲೆ ಕತ್ತರಿಸಿದ. ಮೇಲೆಳೆದುಕೊಂಡು ದೋಣಿ ತಿರುಗಿಸಿದೆವು. ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ದೋಣಿ ದಡಕ್ಕೆ ತಾಗಿದಾಗ ತಾನೇ ನಿಂತಿತು.

ನಾಗ ಕುಡಿದ ನೀರೆಲ್ಲ ಕಕ್ಕಿದ. ಪುಟ್ಟಮ್ಮ ಕಂಬಳಿ ಹೊದಿಸಿದಳು. ಅವನ ತಲೆ ಒರೆಸಲು ಟವೆಲ್ ತೆಗೆಯೋಣವೆಂದು ಹೆಗಲಲ್ಲೇ ಇದ್ದ ಚೀಲಕ್ಕೆ ಕೈ ಹಾಕಿದೆ. ಕಾಯಿಲ್ ಕೈಗೆ ತಗುಲಿತು.

ಟವೆಲ್ ಪುಟ್ಟಮ್ಮನ ಕೈಗೆ ಕೊಟ್ಟೆ. ದೋಣಿಗೆ ಹೋಗಿ ಇಂಜಿನ್‌ನ ಕವರ್ ಎತ್ತಿದೆ. ಕಾಯಿಲ್ ಇರಬೇಕಾದ ಜಾಗ ಖಾಲಿ, ವೈರಿಲ್ಲದೆ ಪ್ಲಗ್‌ನ ನೆತ್ತಿ ಬೋಳು. ನಾನು ಮಧ್ಯಾಹ್ನ ಹೇಗೆ ಬಿಟ್ಟಿದ್ದೆನೋ ಹಾಗೇ ಇತ್ತು. ಹಗ್ಗವನ್ನು ಹತ್ತು ಸಲ ಎಳೆದೆ. ಹನ್ನೊಂದನೆಯ ಸಲವೂ ಎಳೆದೆ. ಉಸಿರೇ ಇಲ್ಲ.

ಚೆನ್ನಾಗಿ ಕಾದ ಇಂಜಿನ್ ಸ್ವಿಚ್ ಆಫ್ ಮಾಡಿದ ಮೇಲೂ ಒಂದೆರಡು ಕ್ಷಣ ಓಡುವುದುಂಟು, ಒಳಗಿನ ಮಸಿಯೇ ಕೆಂಡವಾಗಿ ಕಿಡಿಯ ಕೆಲಸ ಮಾಡುತ್ತದೆ. ಅದು ನನಗೂ ಗೊತ್ತು. ಆದರೆ ಇದು ಮಧ್ಯಾಹ್ನದಿಂದ ತಣ್ಣಗೆ ಕೂತಿದ್ದ ಇಂಜಿನ್. ಗಾಬರಿಯಲ್ಲಿ ನನಗೆ ಭ್ರಮೆಯಾಯಿತು, ಕರಿಯಣ್ಣ ಹುಟ್ಟು ಹಾಕಿಯೇ ಹೋಗಿದ್ದ ಎನ್ನೋಣವೆಂದರೆ, ದಡದಲ್ಲಿ ನಿಂತಿದ್ದ ಪುಟ್ಟಮ್ಮ ಆ ಸಂಜೆಯೇ, "ದಿನಾ ಸತಾಯ್ಸಾದು, ಇವತ್ತೊಂದೇ ಏಟ್ಗೆ ಹತ್ಕಳ್ತಲ್ಲಣ್ಣ" ಎಂದಿದ್ದಳು. ನನ್ನ ಅಂಗಡಿಗೆ ಬರುವ ಪಾಲಿಟೆಕ್ನಿಕ್ ಮೇಷ್ಟರೊಬ್ಬರಿಗೆ ವಿಷಯ ಹೇಳಿದೆ. ಕಾಯಿಲ್ ನೀವೇ ವಾಪಸ್ ಹಾಕಿ ಮರೆತಿರುತ್ತೀರಿ ಎಂದರು. ಹಾಗಾದರೆ ನನ್ನ ಚೀಲದಲ್ಲಿ ಇದ್ದದ್ದು ಯಾವುದು ಸಾರ್ ಎಂದೆ. ಅವರು ಟೀ ಕುಡಿದು ಎದ್ದು ಹೋದರು.

ಮರುವಾರ ಬೇರೆ ಕಾಯಿಲ್ ಹಾಕಿಕೊಟ್ಟೆ. ಇಂಜಿನ್ ಚೆನ್ನಾಗಿ ಓಡಿತು. ಕೆಲವು ತಿಂಗಳಾಗುವ ಹೊತ್ತಿಗೆ ನಾನೂ ಇದನ್ನು ಮರೆಯಲು ಶುರುಮಾಡಿದ್ದೆ. ಆಗ ಒಂದು ದಿನ ನಾಗ ಮೊಪೆಡ್ ರಿಪೇರಿಗೆ ಶಿರಾಗೆ ಬಂದ. ಕೂತವನು ತಾನಾಗಿಯೇ ಹೇಳಿದ:

"ಅಣ್ಣ, ಅವತ್ತು ನಾನು ಕೈ ಬುಟ್ಬುಟ್ಟಿದ್ದೆ. ಕೈ ಬೆಳ್ಳು ಮರಗಟ್ಟೋಗಿದ್ವು, ಸಾಕು ಅನ್ನಿಸ್ಬುಡ್ತು. ಅಷ್ಟೊತ್ಗೆ ಇಂಜಿನ್ ಸದ್ದು ಕೇಳುಸ್ತು ಕಣಣ್ಣ. ಬಂದ್ರು ಅಂತ ತಿರ್ಗಾ ಜಾಲಿ ಕೊಂಬೆ ಇಡ್ಕಂಡೆ."

ಅವತ್ತು ಆ ಇಂಜಿನ್‌ನಲ್ಲಿ ಕಾಯಿಲ್ ಇರಲಿಲ್ಲ ಎಂದು ನಾನು ನಾಗನಿಗೆ ಇಂದಿಗೂ ಹೇಳಿಲ್ಲ. ಹೇಳಿದರೆ, ಹಂಗಾದ್ರೆ ನಾನು ಕೇಳಿದ್ದೇನಣ್ಣ ಅನ್ನುತ್ತಾನೆ. ಮೂವತ್ತು ವರ್ಷ ಇಂಜಿನ್ ಬಿಚ್ಚಿದವನು ಅವನಿಗೆ ಏನೆಂದು ಹೇಳಲಿ?